ಅಂಗಡಿ ಬಾಡಿಗೆಯಲ್ಲಿ ಬೆಳೆದ ಉದ್ಯಾನ

ಲಂಡನ್ನಿನ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಮಿಲ್ಟನ್ ಕೀನ್ಸ್ ಬಗ್ಗೆ ಇಂಗ್ಲೆಂಡಿನಲ್ಲಿ ಯಾರನ್ನು ಕೇಳಿದರೂ ಮೂರು ಮಾತು ಗ್ಯಾರಂಟಿ: ರೌಂಡಬೌಟುಗಳು, ಕಾಂಕ್ರೀಟಿನ ಹಸುಗಳು, ಒಂದು ದೊಡ್ಡ ಶಾಪಿಂಗ್ ಸೆಂಟರು. ಇನ್ನೂ ಸ್ವಲ್ಪ ಕೆದಕಿದರೆ, ಅದೊಂದು ಕಳೆಯೇ ಇಲ್ಲದ ಊರು ಎಂದು ಮುಗಿಸಿಬಿಡುತ್ತಾರೆ. ಹೀಗೆ ಹೇಳುವವರಲ್ಲಿ ಎಷ್ಟೋ ಮಂದಿ ಆ ಊರಿನೊಳಗೆ ಕಾಲಿಟ್ಟವರೇ ಅಲ್ಲ, ಎಂ1 ಹೆದ್ದಾರಿಯಲ್ಲಿ ಪಕ್ಕದಿಂದ ಹಾದು ಹೋದವರು. ತಮಾಷೆ ಮಾಡಲು ಊರೊಂದು ಬೇಕಾದಾಗ ಬ್ರಿಟಿಷರು ಅರ್ಧ ಶತಮಾನದಿಂದ ಇದನ್ನೇ ಹಿಡಿದುಕೊಂಡಿದ್ದಾರೆ.

ಈ ಅಭಿಪ್ರಾಯ ಈಗ ನಮ್ಮವರಿಗೂ ದಾಟಿದೆ. ಐಟಿ ಕೆಲಸ, ಬ್ಯಾಂಕಿನ ಕೆಲಸ ಎಂದು ಅಲ್ಲಿ ನೆಲೆಸಿದ ಕನ್ನಡದ ಮನೆಗಳಿವೆ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳಲಿಕ್ಕೋ ಆರು ತಿಂಗಳ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರೂ ಇದ್ದಾರೆ. ಮೊದಲ ಶನಿವಾರ ಲಂಡನ್ ಸೇತುವೆ, ಆಮೇಲಿನ ವಾರ ಆಕ್ಸ್‌ಫರ್ಡ್, ಅದಾದ ಮೇಲೆ ಸ್ಟೋನ್‌ಹೆಂಜ್. ಇರುವ ಊರಿನ ಬಗ್ಗೆ ಮಾತ್ರ ಮೈಸೂರಿಗೆ ಫೋನು ಹಚ್ಚಿ, "ಇಲ್ಲೇನಿದೆ ಅಕ್ಕಾ ನೋಡೋಕೆ, ಬರೀ ರಸ್ತೆ, ಮರ, ಒಂದು ಮಾಲು" ಎಂದುಬಿಡುತ್ತಾರೆ. ಅದೇ ಅಮ್ಮ ಸೋಮವಾರದಿಂದ ಶುಕ್ರವಾರದವರೆಗೆ ಮಗುವಿನ ಗಾಡಿ ತಳ್ಳಿಕೊಂಡು ಕೆರೆ ಸುತ್ತುತ್ತಾರೆ. ಒಂದು ಸಲವೂ ಕಾರು ಓಡುವ ರಸ್ತೆಯನ್ನು ದಾಟಬೇಕಾಗಿ ಬರುವುದಿಲ್ಲ. ಅದು ಅವರ ನೋಡುವ ಪಟ್ಟಿಯಲ್ಲಿ ಸೇರಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಊರಿನ ಪರವಾಗಿ ವಾದಿಸುವವರು ಮಾಡುವ ತಪ್ಪು ಇನ್ನೊಂದು ಬಗೆಯದು. ನೋಡಲು ಏನೂ ಇಲ್ಲ ಎಂದವರ ಮುಂದೆ ಅವರು ಪಟ್ಟಿ ಬಿಚ್ಚುತ್ತಾರೆ: ಎರಡನೇ ಮಹಾಯುದ್ಧದ ಗೂಢಲಿಪಿ ಬಿಡಿಸಿದ ಬ್ಲೆಚ್ಲಿ ಪಾರ್ಕ್, ಸೂರಿನಡಿ ಹಿಮದ ಇಳಿಜಾರು ಇರುವ ಎಕ್ಸ್‌ಸ್ಕೇಪ್, ಮಕ್ಕಳ ಥೀಮ್ ಪಾರ್ಕ್, ಹಸುಗಳು. ಬ್ಲೆಚ್ಲಿ ಪಾರ್ಕಿಗೆ ಖಂಡಿತ ಹೋಗಬೇಕು, ನಾನೂ ಹೇಳುತ್ತೇನೆ. ಆದರೆ ಅದು ಈ ನಗರ ಹುಟ್ಟುವ ಮೊದಲೇ ಇದ್ದದ್ದು. 1967ರ ಜನವರಿಯಲ್ಲಿ ಸರಕಾರ ಹೊಸ ಪಟ್ಟಣಕ್ಕೆಂದು ಸುಮಾರು 22,000 ಎಕರೆ ಗುರುತು ಮಾಡಿದಾಗ ಬ್ಲೆಚ್ಲಿ, ವುಲ್ವರ್ಟನ್, ಸ್ಟೋನಿ ಸ್ಟ್ರ್ಯಾಟ್‌ಫರ್ಡ್ ಎಂಬ ಹಳೆಯ ಪಟ್ಟಣಗಳು ಹತ್ತಾರು ಹಳ್ಳಿಗಳ ಜತೆಗೆ ಅದರೊಳಗೆ ಬಂದವು. ಪ್ರವಾಸಿಗಳು ಬ್ಲೆಚ್ಲಿ ಸ್ಟೇಷನ್ನಿನಲ್ಲಿ ಇಳಿದು, ಮ್ಯೂಸಿಯಂ ನೋಡಿ, ಅದೇ ಸ್ಟೇಷನ್ನಿನಿಂದ ರೈಲು ಹತ್ತಿ ಹೋಗುತ್ತಾರೆ. ಇನ್ನು ಹಿಮದ ಇಳಿಜಾರು ದುಬೈಯಲ್ಲೂ ಇದೆ.

ಆಕರ್ಷಣೆಗಳ ಎಣಿಕೆಯಲ್ಲಿ ಊರನ್ನು ಅಳೆಯುವ ಆಟಕ್ಕೆ ಇಳಿದರೆ ಮಿಲ್ಟನ್ ಕೀನ್ಸ್ ಸೋಲುತ್ತದೆ, ಸೋಲಲೇಬೇಕು. ಇಲ್ಲಿಯ ಅಂಗಡಿ ಬೀದಿಯಾಗಲಿ ಉದ್ಯಾನವಾಗಲಿ ಬಂದುಹೋಗುವವರಿಗಾಗಿ ಕಟ್ಟಿದ್ದಲ್ಲ. ಇವೆರಡರ ನಡುವಿನ ಲೆಕ್ಕಾಚಾರವೇ ಈ ಊರಿನಲ್ಲಿ ನೋಡತಕ್ಕದ್ದು ಎಂಬುದು ನನ್ನ ವಾದ. ಊರು ನಿಜವಾಗಿ ಎಡವಿರುವುದು ಕೂಡ ತನ್ನನ್ನು ತಾನು ಆಕರ್ಷಣೆಯಾಗಿ ಮಾರಿಕೊಳ್ಳಲು ಹೊರಟ ಜಾಗಗಳಲ್ಲೇ.

ಏನೂ ಕಾಣುವುದಿಲ್ಲ ಎಂಬ ದೂರಿಗೆ ಒಂದು ಸರಳ ಕಾರಣವಿದೆ. ಊರನ್ನು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಅಂತರದ ಚೌಕಗಳಾಗಿ ಕತ್ತರಿಸಿ, ಅಡ್ಡ ರಸ್ತೆಗಳಿಗೆ 'ಎಚ್', ಉದ್ದ ರಸ್ತೆಗಳಿಗೆ 'ವಿ' ಎಂದು ಅಕ್ಷರ ಕೊಟ್ಟು ಸಂಖ್ಯೆ ಹಾಕಿದ್ದಾರೆ. ಅವು ಕೂಡುವಲ್ಲೆಲ್ಲ ರೌಂಡಬೌಟು. ಈ ರಸ್ತೆಗಳ ಎರಡೂ ಬದಿಗೆ ಮಣ್ಣಿನ ದಿಬ್ಬ ಎಬ್ಬಿಸಿ, ದಟ್ಟವಾಗಿ ಮರ ನೆಟ್ಟರು. ವಾಹನದ ಸದ್ದು ಮನೆಗಳಿಗೆ ತಟ್ಟಬಾರದು ಎಂಬುದು ಉದ್ದೇಶ. ಹೀಗಾಗಿ ಕಾರಿನಲ್ಲಿ ಹೋಗುವವನಿಗೆ ಮರದ ಗೋಡೆ ಬಿಟ್ಟರೆ ಮತ್ತೇನೂ ಕಾಣದು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ಊರು ಆ ಗೋಡೆಯಾಚೆ ಇದೆ. ನೋಡುವವನ ಕಣ್ಣಿಗೆ ಬೀಳದಂತೆ, ಇರುವವನ ಕಿವಿಗೆ ತೊಂದರೆಯಾಗದಂತೆ ಕಟ್ಟಿದ ಊರನ್ನು ಕಾರಿನ ಕಿಟಕಿಯಿಂದ ನೋಡಿ ಬರಡು ಎನ್ನುವುದು ಎಂಥ ವಿಮರ್ಶೆ?

ಶಾಪಿಂಗ್ ಸೆಂಟರಿನ ಮಾತಿಗೆ ಬರೋಣ. ತಿರಸ್ಕಾರದ ಹೆಚ್ಚಿನ ಪಾಲು ಸಂದಿರುವುದು ಇದಕ್ಕೇ. 1979ರ ಸೆಪ್ಟೆಂಬರಿನಲ್ಲಿ ಮಾರ್ಗರೆಟ್ ಥ್ಯಾಚರ್ ಉದ್ಘಾಟಿಸಿದರು ಎಂಬ ಕಾರಣಕ್ಕೆ, ಇದು ಥ್ಯಾಚರ್ ಯುಗದ ಕೊಳ್ಳುಬಾಕತನದ ದೇವಾಲಯ ಎಂದು ಬರೆಯುವವರಿದ್ದಾರೆ. ಆಕೆ ಅಧಿಕಾರಕ್ಕೆ ಬಂದದ್ದೇ ಆ ವರ್ಷದ ಮೇ ತಿಂಗಳಲ್ಲಿ. ಕಟ್ಟಡದ ನಕ್ಷೆ, ಹಣ, ಉಕ್ಕು, ಗಾಜು ಎಲ್ಲವೂ ಅದಕ್ಕೂ ಮೊದಲಿನದು. ಕಟ್ಟಿಸಿದ್ದು ಸಾರ್ವಜನಿಕ ಹಣದ ಅಭಿವೃದ್ಧಿ ನಿಗಮ. ಡೆರೆಕ್ ವಾಕರ್, ಸ್ಟುವರ್ಟ್ ಮಾಸ್‌ಕ್ರಾಪ್, ಕ್ರಿಸ್ಟಫರ್ ವುಡ್‌ವರ್ಡ್ ಅದರ ವಾಸ್ತುಶಿಲ್ಪಿಗಳು. ಹೊರಗಿನಿಂದ ನೋಡಿದರೆ ಅರ್ಧ ಕಿಲೋಮೀಟರಿಗೂ ಉದ್ದದ ತಗ್ಗಿನ ಗಾಜಿನ ಕಟ್ಟಡ, ಅಷ್ಟೆ. ಮಿಲ್ಟನ್ ಕೀನ್ಸಿನಲ್ಲಿ ಕಟ್ಟಡಗಳು ಮರಗಳಿಗಿಂತ ಎತ್ತರಕ್ಕೆ ಹೋಗಬಾರದು ಎಂಬ ಮಾತೊಂದಿತ್ತು. ಈ ಕಟ್ಟಡ ಅದನ್ನು ಪಾಲಿಸಿದೆ.

ಒಳಗೆ ಹೋಗಿ ನಿಂತರೆ ವ್ಯತ್ಯಾಸ ತಿಳಿಯುತ್ತದೆ. ಬೆಂಗಳೂರಿನ, ದುಬೈಯ, ಅಮೆರಿಕದ ಮಾಲುಗಳಲ್ಲಿ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಗೊತ್ತಾಗಬಾರದೆಂದೇ ಹಾಗೆ ಕಟ್ಟಿರುತ್ತಾರೆ. ಇಲ್ಲಿ ಅಕ್ಕಪಕ್ಕದಲ್ಲಿ ಉದ್ದಕ್ಕೆ ಸಾಗುವ ಎರಡು ಓಣಿಗಳಿಗೂ ಎತ್ತರದ ಗಾಜಿನಿಂದ ಆಕಾಶದ ಬೆಳಕು ಇಳಿಯುತ್ತದೆ. ಮೋಡ ಕವಿದರೆ ಅಂಗಡಿ ಬೀದಿಯೂ ಮಂಕಾಗುತ್ತದೆ. ನೆಲಕ್ಕೆ ಟ್ರಾವರ್ಟೀನ್ ಕಲ್ಲು ಹಾಸಿದ್ದಾರೆ, ಕೂರುವ ಕಟ್ಟೆಗಳಿಗೂ ಅದೇ ಕಲ್ಲು. ಅಲ್ಲಲ್ಲಿ ಮರ, ಗಿಡಗಳ ತೊಟ್ಟಿ. ಮಹಡಿ ಹತ್ತಿಸಿ ಇಳಿಸಿ ಗಿರಾಕಿಯನ್ನು ದಾರಿ ತಪ್ಪಿಸುವ ಎಸ್ಕಲೇಟರಿನ ಚಕ್ರವ್ಯೂಹವಿಲ್ಲ. ಅಂಗಡಿಗಳಿಗೆ ಸರಕು ತರುವ ಲಾರಿಗಳಿಗೆ ಚಾವಣಿಯ ಮಟ್ಟದಲ್ಲೇ ಬೇರೆ ರಸ್ತೆ ಇದೆ. ಮೇಲೆ ಲಾರಿ, ಕೆಳಗೆ ಜನ. ಸಾಧಾರಣವಾಗಿ ಇದರ ತಿರುಗುಮುರುಗನ್ನೇ ನಾವು ನೋಡುವುದು; ಲಾರಿಗೆ ನೆಲ, ಜನರಿಗೆ ಮೇಲ್ಸೇತುವೆ.

ಇವು ಸೂರು ಹೊದ್ದ ಊರಿನ ಬೀದಿಗಳು ಎಂಬುದು ಅದನ್ನು ಕಟ್ಟಿದವರ ಕಲ್ಪನೆ. ಇದೇ ಊರಿನ ಬ್ಯಾನ್‌ಕ್ರಾಫ್ಟ್ ಬಡಾವಣೆಯ ಬಳಿ ಅಗೆದಾಗ ಸಿಕ್ಕ ರೋಮನ್ ಕಾಲದ ಮೊಸಾಯಿಕ್ ನೆಲವೊಂದನ್ನು ಯಾವ ಮ್ಯೂಸಿಯಮ್ಮಿಗೂ ಕಳಿಸದೆ ಇಲ್ಲಿಯ ಗೋಡೆಗೇ ಹಾಕಿದ್ದಾರೆ. ಸಾಕ್ಸು ಕೊಳ್ಳಲು ಬಂದವನು ಒಂದೂವರೆ ಸಾವಿರ ವರ್ಷ ಹಳೆಯ ನೆಲವನ್ನು ಟಿಕೆಟ್ಟಿಲ್ಲದೆ ನೋಡಿಕೊಂಡು ಹೋಗಬಹುದು. ನೋಡದೆಯೂ ಹೋಗಬಹುದು, ಹೆಚ್ಚಿನವರು ಹಾಗೇ ಹೋಗುತ್ತಾರೆ. 2010ರಲ್ಲಿ ಈ ಕಟ್ಟಡವನ್ನು ರಕ್ಷಿತ ಕಟ್ಟಡಗಳ ಎರಡನೇ ದರ್ಜೆಯ ಪಟ್ಟಿಗೆ ಸೇರಿಸಿದರು. ಆಗ ನಕ್ಕವರು ಬಹಳ. ಮೂವತ್ತು ವರ್ಷದ ಮಾಲಿಗೆ ಪಾರಂಪರಿಕ ಪಟ್ಟವೇ ಎಂಬುದು ಅವರ ಪ್ರಶ್ನೆ. ನನ್ನ ತಕರಾರು ಬೇರೆ: ಪಟ್ಟ ಬರುವ ಹೊತ್ತಿಗೆ ಕೈಜಾರಬಾರದ್ದು ಆಗಲೇ ಕೈಜಾರಿತ್ತು.

ನಗರ ಕೇಂದ್ರದ ಮುಖ್ಯ ರಸ್ತೆಗೆ ಮಿಡ್‌ಸಮ್ಮರ್ ಬುಲೆವಾರ್ಡ್ ಎಂದು ಹೆಸರು. ಉತ್ತರಾಯಣದ ಕೊನೆಯ ದಿನಗಳಲ್ಲಿ, ಅಂದರೆ ಜೂನ್ ತಿಂಗಳ ಉದ್ದದ ಹಗಲಿನಲ್ಲಿ, ಸೂರ್ಯ ಹುಟ್ಟುವ ದಿಕ್ಕಿಗೆ ನೇರವಾಗಿ ಈ ರಸ್ತೆಯನ್ನು ಎಳೆದರು. ಒಂದು ತುದಿಗೆ 1982ರಲ್ಲಿ ತೆರೆದ ರೈಲು ನಿಲ್ದಾಣದ ಗಾಜಿನ ಮುಖ, ಇನ್ನೊಂದು ತುದಿಗೆ ಉದ್ಯಾನ. ಹಿಪ್ಪಿ ಕಾಲದ ಹುಚ್ಚು ಎನ್ನಿ, ಆದರೆ ಊರು ಕಟ್ಟುವ ಸರಕಾರಿ ಇಲಾಖೆಯೊಂದು ಸೂರ್ಯೋದಯವನ್ನು ನಕ್ಷೆಯ ಮೇಲೆ ತಂದಿತಲ್ಲ, ಅದು ನನಗೆ ಇಷ್ಟ. ಆಮೇಲೆ 2000ದಲ್ಲಿ ಮಿಡ್‌ಸಮ್ಮರ್ ಪ್ಲೇಸ್ ಎಂಬ ಹೊಸ ಮಾಲನ್ನು ಆ ರಸ್ತೆಗೆ ಅಡ್ಡಲಾಗಿಯೇ ಕಟ್ಟಿದರು. ಹೆಸರನ್ನು ಉಳಿಸಿಕೊಂಡು ಸೂರ್ಯನ ದಾರಿಗೆ ಬಾಗಿಲು ಹಾಕಿದಂತಾಯಿತು. ಅಲ್ಲಿದ್ದ ಒಂದು ಹಳೆಯ ಓಕ್ ಮರವನ್ನು ಕಡಿಯದೆ, ಅದರ ಸುತ್ತ ಅಂಗಳ ಬಿಟ್ಟು, ಉಳಿಸಿಕೊಂಡಿದ್ದೇವೆ ಎಂದು ಹೆಮ್ಮೆಪಟ್ಟರು. ಸುತ್ತಲೂ ಕಟ್ಟಡ ಎದ್ದ ಮೇಲೆ ಮರ ವರ್ಷ ವರ್ಷಕ್ಕೆ ಸೊರಗಿ ಸತ್ತಿತು.

ಮಾಲು ಈ ಊರನ್ನು ಹಾಳು ಮಾಡಿತು ಎಂಬ ಆಪಾದನೆಯಲ್ಲಿ ಸತ್ಯದ ಅಂಶ ಇರುವುದಾದರೆ ಇಲ್ಲಿ. 1979ರ ಕಟ್ಟಡ ಬೀದಿಯಾಗಲು ಹೊರಟ ಅಂಗಡಿ. 2000ದ ಕಟ್ಟಡ ಬೀದಿಯನ್ನು ನುಂಗಿದ ಅಂಗಡಿ. ವಿಮರ್ಶಕರು ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುತ್ತಾರೆ. ಹಳೆಯ ಓಣಿಗಳಿಗೂ ಈಗ ರಾತ್ರಿ ಬಾಗಿಲು ಹಾಕುತ್ತಾರೆ, ಖಾಸಗಿ ಒಡೆತನ, ಕಾವಲಿನವರು. ಅದೇ ಕಟ್ಟಡದ ಪಕ್ಕ, ಸೆಕ್ಲೋ ಗೇಟ್ ಮೇಲ್ಸೇತುವೆಯ ಕೆಳಗೆ ಬಯಲು ಸಂತೆಯೊಂದು ನಡೆಯುತ್ತದೆ. ತರಕಾರಿ, ಬಟ್ಟೆ, ಫೋನಿನ ಕವರು. ಅಲ್ಲಿ ನಿಂತು ಬೆಲೆ ಕೇಳುವ ಮಂದಿಯನ್ನು ನೋಡಿದರೆ ಊರಿಗೆ ಕಳೆ ಇಲ್ಲ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ಸೆಕ್ಲೋ ಎಂಬ ಹೆಸರಾದರೂ ಎಲ್ಲಿಂದ ಬಂತು? ಸಾವಿರ ವರ್ಷದ ಹಿಂದೆ ಸುತ್ತಲ ಹಳ್ಳಿಗಳವರು ನ್ಯಾಯ ಪಂಚಾಯತಿಗೆ ಸೇರುತ್ತಿದ್ದ ಮಣ್ಣಿನ ದಿಬ್ಬ ಅದು. ಈಗಲೂ ಕೇಂದ್ರ ಗ್ರಂಥಾಲಯದ ಹಿಂದೆ, ಹುಲ್ಲು ಹೊದ್ದುಕೊಂಡು, ಗುಡ್ಡವೆನ್ನಲೂ ಆಗದಷ್ಟು ತಗ್ಗಾಗಿ ಇದೆ. ಚರಿತ್ರೆ ಇಲ್ಲದ ಊರು ಎನ್ನುವವರು ಗ್ರಂಥಾಲಯದ ಹಿಂಬದಿಗೆ ಹೋಗಿರಲಿಕ್ಕಿಲ್ಲ.

ಬುಲೆವಾರ್ಡಿನ ಪೂರ್ವದ ತುದಿಯಲ್ಲಿ ಕ್ಯಾಂಬೆಲ್ ಪಾರ್ಕ್. ಅಭಿವೃದ್ಧಿ ನಿಗಮದ ಮೊದಲ ಅಧ್ಯಕ್ಷ ಲಾರ್ಡ್ ಕ್ಯಾಂಬೆಲ್ ಹೆಸರಿನದು. ಕನ್ನಡದ ಓದುಗರಿಗೆ ಈ ಮನುಷ್ಯನ ಜತೆ ಒಂದು ದೂರದ ನಂಟಿದೆ. ಬ್ರಿಟಿಷ್ ಗಯಾನಾದಲ್ಲಿ ಕಬ್ಬಿನ ತೋಟಗಳನ್ನು ನಡೆಸುತ್ತಿದ್ದ ಬುಕರ್ ಕಂಪನಿಯ ಮುಖ್ಯಸ್ಥರಾಗಿದ್ದವರು ಅವರು. ಆ ತೋಟಗಳಲ್ಲಿ ದುಡಿದವರಲ್ಲಿ ಕೂಲಿ ಕರಾರಿನ ಮೇಲೆ ಹಡಗು ಹತ್ತಿದ ಭಾರತೀಯರ ಮಕ್ಕಳು, ಮೊಮ್ಮಕ್ಕಳು ತುಂಬ ಇದ್ದರು. ಅವರ ಸ್ಥಿತಿ ಕಂಡು ಅಲ್ಲಿಯ ವ್ಯವಸ್ಥೆಯನ್ನು ಸುಧಾರಿಸಲು ಹೊರಟವರೆಂದು ಕ್ಯಾಂಬೆಲ್‌ಗೆ ಹೆಸರು. ಅದೇ ಕಂಪನಿ 1969ರಲ್ಲಿ ಹುಟ್ಟುಹಾಕಿದ ಸಾಹಿತ್ಯ ಪ್ರಶಸ್ತಿಯ ಹೆಸರೇ ಮುಂದೆ ಅಂತರರಾಷ್ಟ್ರೀಯ ಬುಕರ್ ಆಗಿ 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಸಂದದ್ದು. ಸಕ್ಕರೆಯ ಹಣ ಎಲ್ಲೆಲ್ಲಿ ಕರಗುತ್ತದೋ!

ಕ್ಯಾಂಬೆಲ್ ಪಾರ್ಕಿನಲ್ಲಿ ಕುರಿಗಳು ಮೇಯುತ್ತವೆ. ನಗರದ ನಟ್ಟನಡುವೆ, ಮಾಲಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ. ಕ್ರಿಕೆಟ್ ಮೈದಾನವಿದೆ, ಎತ್ತರದಲ್ಲಿ ಒಂದು ಬೆಲ್ವೆಡೇರ್ ದಿಣ್ಣೆ, ಅದರ ಮೇಲೆ ಲಿಲಿಯಾನ್ ಲಿನ್ ಎಂಬ ಕಲಾವಿದೆ 2012ರಲ್ಲಿ ನಿಲ್ಲಿಸಿದ ಬೆಳಕಿನ ಪಿರಮಿಡ್ಡು. ಕೆಳಗೆ ಗ್ರ್ಯಾಂಡ್ ಯೂನಿಯನ್ ಕಾಲುವೆ. ಅದರಾಚೆ ಔಜಲ್ ನದಿಯ ಕಣಿವೆಯ ಉದ್ದಕ್ಕೂ ಉದ್ಯಾನ, ಆಮೇಲೆ ವಿಲ್ಲೆನ್ ಕೆರೆ. ಕಟ್ಟಡಗಳ ಮೇಲೆ, ಡಾಂಬರಿನ ಮೇಲೆ ಬಿದ್ದ ಮಳೆನೀರು ಒಮ್ಮೆಲೇ ನದಿಗೆ ನುಗ್ಗಿ ಕೆಳಗಿನ ಊರುಗಳನ್ನು ಮುಳುಗಿಸಬಾರದೆಂದು ತಡೆದು ನಿಲ್ಲಿಸಲು ಅಗೆದ ಕೆರೆ ಇದು. ಫರ್ಜ್‌ಟನ್, ಕ್ಯಾಲ್ಡಿಕಾಟ್ ಕೆರೆಗಳೂ ಹಾಗೆಯೇ. ದೋಣಿ, ಬಾತುಕೋಳಿ, ಐಸ್‌ಕ್ರೀಮು ಎಲ್ಲ ಆಮೇಲೆ ಬಂದವು. ವಿಲ್ಲೆನ್ ದಂಡೆಯ ಶಾಂತಿ ಪಗೋಡವನ್ನು ಜಪಾನಿನ ನಿಪ್ಪೊಂಜಾನ್ ಮ್ಯೊಹೋಜಿ ಪಂಥದ ಭಿಕ್ಷುಗಳು 1980ರಲ್ಲಿ ಕಟ್ಟಿ ಮುಗಿಸಿದರು. ಆ ಪಂಥದ ಗುರು ನಿಚಿದಾತ್ಸು ಫುಜಿ ಗಾಂಧೀಜಿಯವರನ್ನು ಕಂಡು ಬಂದವರು. ಪಶ್ಚಿಮದ ದೇಶಗಳಲ್ಲಿ ಇಂಥ ಪಗೋಡ ಇದೇ ಮೊದಲು.

ಇಷ್ಟೆಲ್ಲ ಹಸಿರನ್ನು ನೋಡಿಕೊಳ್ಳುವವರು ಯಾರು, ಹಣ ಎಲ್ಲಿಂದ? ಪ್ರವಾಸಿ ಕೈಪಿಡಿಗಳು ಕೇಳದ ಪ್ರಶ್ನೆ ಇದು. 1992ರಲ್ಲಿ ಅಭಿವೃದ್ಧಿ ನಿಗಮವನ್ನು ಮುಚ್ಚಿದಾಗ, ಉದ್ಯಾನಗಳನ್ನು ಸ್ಥಳೀಯ ಕೌನ್ಸಿಲಿನ ಕೈಗೆ ಕೊಟ್ಟರೆ ಏನಾಗುತ್ತದೆಂದು ನಿಗಮದವರಿಗೆ ಚೆನ್ನಾಗಿ ಗೊತ್ತಿತ್ತು. ಶಾಲೆಗೆ, ಮುದುಕರ ಆರೈಕೆಗೆ ಹಣ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಹುಲ್ಲು ಕತ್ತರಿಸುವ ಬಾಬ್ತಿಗೆ. ಹಾಗಾಗಿ ಪಾರ್ಕ್ಸ್ ಟ್ರಸ್ಟ್ ಎಂಬ ಸ್ವತಂತ್ರ ದತ್ತಿ ಸಂಸ್ಥೆ ಕಟ್ಟಿ, ಉದ್ಯಾನಗಳನ್ನು 999 ವರ್ಷಗಳ ಗುತ್ತಿಗೆಗೆ ಅದಕ್ಕೆ ಕೊಟ್ಟರು. ಜತೆಗೆ ಸುಮಾರು ಎರಡು ಕೋಟಿ ಪೌಂಡು ಬೆಲೆಯ ವಾಣಿಜ್ಯ ಆಸ್ತಿಯನ್ನೂ ಬರೆದುಕೊಟ್ಟರು. ಬಡಾವಣೆಯ ಅಂಗಡಿ ಸಾಲು, ಪಬ್ಬು, ಇತ್ಯಾದಿ. ಅವುಗಳ ಬಾಡಿಗೆಯಲ್ಲಿ ಇವತ್ತು ಸುಮಾರು 6,000 ಎಕರೆ ಉದ್ಯಾನ, ಕಾಡು, ಕೆರೆ, ರಸ್ತೆ ಬದಿಯ ಮರ ನಡೆಯುತ್ತಿವೆ. ನಮ್ಮಲ್ಲಿ ದೇವಸ್ಥಾನದ ನಂದಾದೀಪ ಆರದಿರಲಿ ಎಂದು ಗದ್ದೆ ಬಿಡುತ್ತಿದ್ದರಲ್ಲ, ಅದೇ ಬುದ್ಧಿ: ಎಣ್ಣೆಗೆ ಯಾರ ಮುಂದೆಯೂ ಕೈಚಾಚಬೇಕಿಲ್ಲ. 2010ರ ಈಚೆಗೆ ಇಂಗ್ಲೆಂಡಿನ ಊರೂರುಗಳಲ್ಲಿ ಕೌನ್ಸಿಲುಗಳು ಉದ್ಯಾನದ ಖರ್ಚನ್ನು ಕಡಿಯುತ್ತ ಬಂದಾಗ ಈ ಊರಿನ ಹುಲ್ಲಿಗೆ ಆ ಬಿಸಿ ತಟ್ಟಲಿಲ್ಲ.

ಈ ಲೆಕ್ಕ ತಿಳಿದ ಮೇಲೆ, ಅಂಗಡಿ ಒಂದು ಕಡೆ, ಪ್ರಕೃತಿ ಇನ್ನೊಂದು ಕಡೆ ಎಂದು ಊರನ್ನು ಇಬ್ಭಾಗ ಮಾಡಿ, ಮೊದಲನೆಯದನ್ನು ಬೈದು ಎರಡನೆಯದನ್ನು ಹೊಗಳುವ ಸಭ್ಯ ಅಭಿರುಚಿಗೆ ನಿಲ್ಲಲು ಜಾಗವಿಲ್ಲ. ಪಬ್ಬಿನವನು ಬಾಡಿಗೆ ಕಟ್ಟಿದರೆ ಶೆನ್ಲಿಯ ಕಾಡಿನಲ್ಲಿ ವಸಂತಕ್ಕೆ ನೀಲಿ ಹೂ ಹಾಸುತ್ತದೆ. ಇದನ್ನು ಕೊಳ್ಳುಬಾಕತನ ಎಂದು ಮೂಗು ಮುರಿಯುವವರು ತಮ್ಮ ಊರಿನ ಪಾರ್ಕಿನ ಬೀಗ ಯಾರ ಹತ್ತಿರ ಇದೆ ಎಂದು ವಿಚಾರಿಸಲಿ.

ಹಸುಗಳ ವಿಷಯ ಹೆಚ್ಚು ಬೆಳೆಸುವುದಿಲ್ಲ. 1978ರಲ್ಲಿ ಲಿಜ್ ಲೇ ಎಂಬ ಅಮೆರಿಕನ್ ಕಲಾವಿದೆ ಸ್ಥಳೀಯರ ಜತೆ ಕೆಲಸ ಮಾಡುತ್ತ ಮಾಡಿದ ಮೂರು ಹಸು, ಮೂರು ಕರು. ಊರಿನವರೇ ಅವಕ್ಕೆ ಬಣ್ಣ ಬಳಿದಿದ್ದಾರೆ, ಜೀಬ್ರಾ ಮಾಡಿದ್ದಾರೆ, ಒಮ್ಮೆ ತಲೆ ಕೂಡ ಕತ್ತರಿಸಿದ್ದಾರೆ. ಮೂಲದ ಹಸುಗಳು ಈಗ ಮಿಲ್ಟನ್ ಕೀನ್ಸ್ ಮ್ಯೂಸಿಯಮ್ಮಿನಲ್ಲಿವೆ, ಬ್ಯಾನ್‌ಕ್ರಾಫ್ಟಿನ ಹುಲ್ಲಿನಲ್ಲಿರುವುದು ನಕಲು. ನಿಜವಾದ ಕುರಿಗಳನ್ನು ಬಿಟ್ಟು ಸುಳ್ಳು ಹಸುಗಳ ಬಗ್ಗೆಯೇ ದೇಶವೆಲ್ಲ ಮಾತಾಡುತ್ತದೆ.

ನನ್ನನ್ನು ಕೇಳಿದರೆ ಹಸುಗಳ ಬದಲು ನ್ಯೂಲ್ಯಾಂಡ್ಸಿನ ಮರದ ಕೆಥೀಡ್ರಲ್ ನೋಡಬೇಕು. 1986ರಲ್ಲಿ ನೀಲ್ ಹಿಗ್ಸನ್ ಎಂಬ ಉದ್ಯಾನ ವಿನ್ಯಾಸಕಾರರು ನಾರ್ವಿಚ್ ಕೆಥೀಡ್ರಲಿನ ನೆಲನಕ್ಷೆಯನ್ನು ಹಿಡಿದು ಸಸಿ ನೆಡಿಸಿದರು. ಚರ್ಚಿನ ನಡುಮನೆಯ ಕಂಬಗಳಿಗೆ ಹಾರ್ನ್‌ಬೀಮ್ ಮತ್ತು ಲೈಮ್ ಮರ, ಗೋಪುರ ಏಳುವ ಜಾಗಕ್ಕೆ ಎತ್ತರಕ್ಕೆ ಹೋಗುವ ನಿತ್ಯಹಸಿರಿನ ಮರ. ಆ ವರ್ಷ ನೋಡಲು ಬಂದವರಿಗೆ ಕೋಲು ಕಟ್ಟಿದ ಗಿಡಗಳು ಸಿಕ್ಕಿರಬೇಕು. ಈಗ ಸಾಲುಗಳ ನಡುವೆ ನಿಂತು ಕತ್ತೆತ್ತಿದರೆ ಕೊಂಬೆಗಳು ಮೇಲೆ ಕೂಡಿ ಕಮಾನು ಕಟ್ಟುತ್ತಿವೆ. ಟಿಕೆಟ್ ಕೌಂಟರಿಲ್ಲ. ಊರಿನ ಬಗೆಗಿನ ತೀರ್ಪುಗಳಲ್ಲಿ ಹಲವು ಈ ಮರಗಳು ಸೊಂಟದೆತ್ತರ ಇದ್ದಾಗ ಬರೆದವು. ಓದುವವರು ತಾರೀಖು ನೋಡದೆ ಈಗಲೂ ಅವನ್ನೇ ಉದ್ಧರಿಸುತ್ತಿದ್ದಾರೆ.

ದೂರುಗಳೆಲ್ಲ ಸುಳ್ಳೆಂದು ನಾನು ಹೇಳಲಾರೆ. ಕಾರಿಲ್ಲದವರಿಗೆ ಈ ಊರು ಕಷ್ಟ. ಮನೆಗಳು ಅಷ್ಟು ಹರಡಿಕೊಂಡಿರುವಲ್ಲಿ ಬಸ್ಸು ಓಡಿಸಿದರೆ ಗಿಟ್ಟುವುದಿಲ್ಲ, ಗಿಟ್ಟದಿದ್ದರೆ ಬಸ್ಸು ಬರುವುದಿಲ್ಲ; ನಕ್ಷೆ ಹಾಕಿದ ದಿನವೇ ಈ ಗಂಟು ಬಿದ್ದಿದೆ. ಸೈಕಲ್ಲಿಗೆ, ನಡೆಯುವವರಿಗೆ ಎಂದು ಮಾಡಿದ ಕೆಂಪು ಡಾಂಬರಿನ ರೆಡ್‌ವೇಗಳು 300 ಕಿಲೋಮೀಟರಿಗೂ ಹೆಚ್ಚು ಉದ್ದ ಇವೆ, ಹಗಲಲ್ಲಿ ಸೊಗಸು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾದ ಮೇಲೆ ಅವುಗಳ ಸುರಂಗ ದಾರಿಯಲ್ಲಿ ಒಂಟಿ ಹೆಂಗಸು ಹೋಗಬೇಕೆಂದರೆ ಎದೆ ಅಳುಕುತ್ತದೆ. ಮೊದಮೊದಲ ಬಡಾವಣೆಗಳೂ ಅಷ್ಟಕ್ಕಷ್ಟೆ. ನಾರ್ಮನ್ ಫಾಸ್ಟರ್ ಅಂಥ ದೊಡ್ಡ ಹೆಸರಿನ ವಾಸ್ತುಶಿಲ್ಪಿ ರೂಪಿಸಿದ ಬೀನ್‌ಹಿಲ್‌ನ ಚಪ್ಪಟೆ ಚಾವಣಿಗಳು ಸೋರಿ, ಆಮೇಲೆ ಅವುಗಳ ಮೇಲೆ ಇಳಿಜಾರು ಚಾವಣಿ ಕೂರಿಸಬೇಕಾಯಿತು. ಇಂಗ್ಲೆಂಡಿನ ಮಳೆಗೆ ಚಪ್ಪಟೆ ಚಾವಣಿ! ಮಲೆನಾಡಿನ ಯಾವ ಗಾರೆಯವನನ್ನು ಕೇಳಿದ್ದರೂ ಬೇಡ ಎನ್ನುತ್ತಿದ್ದ. ಇವೆಲ್ಲ ಅಲ್ಲಿ ವಾಸ ಮಾಡುವವರ ದೂರು, ಅನುಭವಿಸಿದವರ ದೂರು. ನೋಡಲು ಏನೂ ಇಲ್ಲ ಎಂಬ ಪ್ರವಾಸಿಯ ದೂರಿಗೆ ಆ ತೂಕವಿಲ್ಲ.

2022ರಲ್ಲಿ ರಾಣಿ ಸಿಂಹಾಸನವೇರಿದ ಎಪ್ಪತ್ತನೇ ವರ್ಷದ ನೆಪದಲ್ಲಿ ಮಿಲ್ಟನ್ ಕೀನ್ಸಿಗೆ ಅಧಿಕೃತವಾಗಿ ಸಿಟಿ ಎಂಬ ಸ್ಥಾನ ಬಂತು. ಪಟ್ಟ ಬಂದ ಮೇಲೆ ಪಟ್ಟಕ್ಕೆ ತಕ್ಕ ಠೀವಿ ಬೇಕೆನಿಸುವುದು ಸಹಜ. ನಗರ ಕೇಂದ್ರದಲ್ಲಿ ಮರಗಳನ್ನು ಮೀರಿದ ಗೋಪುರಗಳು ಎದ್ದಿವೆ, ದೂರದಿಂದಲೇ ಊರು ಕಾಣಲು ಶುರುವಾಗಿದೆ. ಎಂ1ರಲ್ಲಿ ಹಾದು ಹೋಗುವವರಿಗೆ ಇನ್ನು ಮೇಲೆ ನೋಡಲು ಏನಾದರೂ ಸಿಗುತ್ತದೆ, ಅವರ ದೂರು ತೀರಬಹುದು. ಅಂಚಿನಲ್ಲಿ ಹೊಸ ಬಡಾವಣೆಗಳೂ ಬೆಳೆಯುತ್ತಿವೆ. ಅವುಗಳ ಉದ್ಯಾನವನ್ನು ವಹಿಸಿಕೊಳ್ಳಿ ಎಂದು ಕಟ್ಟುವ ಕಂಪನಿಯವರು ಬಂದರೆ ಪಾರ್ಕ್ಸ್ ಟ್ರಸ್ಟಿನವರು ನೆಲದ ಜತೆಗೆ ಅದರ ಮುಂದಿನ ಖರ್ಚಿಗಾಗುವಷ್ಟು ಇಡುಗಂಟನ್ನೂ ಕೇಳುತ್ತಾರೆ.